ಮೀನಿನ ಟ್ಯಾಂಕಿಗೆ ಏನೇನು ಹಾಕಬಹುದು

ಹಿಂದೂಪುರದಲ್ಲಿ ನಂದೊಂದು ಹಾರ್ಡ್‌ವೇರ್ ಅಂಗಡಿ. ಪೈಪು, ನಲ್ಲಿ, ಸಿಮೆಂಟು, ಬಣ್ಣ, ಮೊಳೆ, ಗಾಜು, ಇಷ್ಟೇ ನನ್ನ ಪ್ರಪಂಚ. ಮೀನಿಗೂ ನನಗೂ ಸಾರಿನ ಬಟ್ಟಲಿನಾಚೆ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಆದರೂ ಈಗೀಗ ಜನ ಅಂಗಡಿ ಮೆಟ್ಟಿಲು ಹತ್ತಿ, ಮೀನಿನ ಟ್ಯಾಂಕಿಗೆ ಇದು ಹಾಕಬಹುದಾ, ಅದು ಹಾಕಬಹುದಾ ಅಂತ ಕೇಳ್ತಾರೆ. ಬಚ್ಚಲಿಗೆ ತಂದು ಮಿಕ್ಕಿದ ಟೈಲ್ಸಿನ ಚೂರು, ಗೇಟಿಗೆ ಹೊಡೆದು ಉಳಿದ ಬಣ್ಣ, ಕಟ್ಟುಕಂಬಿ, ಮಗಳ ಒಡೆದ ಬಳೆ, ಲೇಪಾಕ್ಷಿ ಕಡೆ ಹೋದಾಗ ಜೇಬಿಗೆ ಹಾಕ್ಕೊಂಡು ಬಂದ ಕಲ್ಲು. ಮೀನಿನ ಅಂಗಡಿಯಲ್ಲಿ ಅದಕ್ಕಂತಲೇ ಮಾರ್ತಾರಲ್ಲ, ಅದನ್ನು ತಗೊಳ್ಳಿ ಅಂದರೆ ಮುಖ ಸಣ್ಣದು ಮಾಡ್ತಾರೆ. ಮನೇಲಿ ಬಿದ್ದಿರೋದು ಇರುವಾಗ ಅಂಗಡಿಯಿಂದ ಯಾಕೆ ತರಬೇಕು ಅನ್ನೋದು ನಮ್ಮ ಸೀಮೆಯ ಧರ್ಮ. ಅಂಗಡಿ ಇಟ್ಟಿದ್ದರೂ ನಂದೂ ಅದೇ ಧರ್ಮ, ಸುಳ್ಳು ಯಾಕೆ ಹೇಳಲಿ.

ಕೇಳಿದವರಿಗೆ ಚುಟುಕಾಗಿ ಹೇಳ್ತೀನಿ. ಪಿವಿಸಿ ಪೈಪಿನ ತುಂಡು ಹಾಕಿ, ಏನೂ ಆಗಲ್ಲ. ಹೊಲದ ಬೆಣಚುಕಲ್ಲು ಹಾಕಿ, ಕುದಿಸಿ ಹಾಕಿ. ಸುಟ್ಟ ಮಣ್ಣಿನ ಕುಡಿಕೆ ಆಗಬಹುದು, ಬಣ್ಣ ಹಚ್ಚಿರಬಾರದು. ಬೇರೆ ಯಾವುದೇ ಕಲ್ಲಾದರೆ ಮೊದಲು ಅದರ ಮೇಲೆ ನಿಂಬೆಹುಳಿ ಹಿಂಡಿ ನೋಡಿ, ನೊರೆ ಎದ್ದರೆ ಸುಣ್ಣ ಇದೆ ಅಂತ, ಬೇಡ. ಕಟ್ಟುಕಂಬಿ ಬೇಡ, ತಗಡು ಬೇಡ. ಬಚ್ಚಲ ಸಂದಿಗೆ ತುಂಬೋ, ಬೂಷ್ಟು ಹಿಡಿಯದ ಸಿಲಿಕಾನ್ ಅಂಟು ಬೇಡವೇ ಬೇಡ. ಬೂಷ್ಟನ್ನೇ ಸಾಯಿಸೋದು ಮೀನನ್ನು ಮುದ್ದು ಮಾಡುತ್ತಾ? ಇಷ್ಟು ಹೇಳಿದ್ದಕ್ಕೆ ಒಬ್ಬ ಗಿರಾಕಿ, "ಮೀರೇಮನ್ನಾ, ಚೇಪಲ ಡಾಕ್ಟರಾ?" ಅಂತ ತೆಲುಗಿನಲ್ಲಿ ಛೇಡಿಸಿದ. ಮೀನಿನ ಡಾಕ್ಟರೂ ಅಲ್ಲ, ಎಂಥದೂ ಅಲ್ಲ. ಇದೆಲ್ಲ ನಾನು ಕಲ್ಯಾಣದುರ್ಗದಲ್ಲಿ ನಮ್ಮಕ್ಕನ ಮನೇಲಿ ಕಲಿತದ್ದು, ಅದೂ ಬೈಸಿಕೊಂಡು ಕಲಿತದ್ದು.

ನಮ್ಮಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೋಳು. ಹಾಗಾಗಿ ನನಗೆ ನರೆ ಬಂದಮೇಲೂ ನನ್ನ ಮೇಲೆ ಅವಳ ದರ್ಬಾರು ನಿಂತಿಲ್ಲ. ಭಾವ ಕಲ್ಯಾಣದುರ್ಗದಲ್ಲಿ ಬೋರಿನ ಮೋಟಾರು ರಿಪೇರಿ ಮಾಡೋರು. ಸುಟ್ಟ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು ಹಾಕಿ, ಹೊಸ ತಂತಿ ಸುತ್ತಿ ಕೂರಿಸೋದು ಅವರ ಕೆಲಸ. ಕೈ ಓಡಬೇಕಾದರೆ ಬಾಯಿ ಓಡಲೇಬೇಕು, ಹಂಗಿತ್ತು ಅವರ ಸ್ವಭಾವ. ತಂತಿಯ ತುದಿ ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡೇ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಊರಿನ ಪಂಚಾಯ್ತಿಯನ್ನೆಲ್ಲ ಮಾಡೋರು. ಅಂಥ ಮನುಷ್ಯನಿಗೆ ಒಂದು ಬೆಳಗ್ಗೆ ಶೆಡ್ಡಿನಲ್ಲೇ ಲಕ್ವ ಹೊಡೀತು. ಬಲಗಡೆ ಪೂರ್ತಿ ಬಿತ್ತು, ಮಾತೂ ಬಿತ್ತು.

ಆಸ್ಪತ್ರೆಯಿಂದ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದರು. ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು. ಕೈಕಾಲು ಆಡಿಸೋಕೆ ಬರ್ತಿದ್ದ ಫಿಜಿಯೋ ಹೆಂಗಸು, ಇವರಿಗೆ ಎಲ್ಲ ಅರ್ಥ ಆಗುತ್ತೆ, ಹೇಳೋಕಷ್ಟೇ ಆಗಲ್ಲ, ಕಣ್ಣಿಗೊಂದು ಕೆಲಸ ಕೊಡಿ, ಆ ಬಲಗಡೆಗೇ ನೋಡೋ ಹಂಗೆ ಮಾಡಿ ಅಂದಳಂತೆ. ಅಕ್ಕ ಟೀವಿ ಇಟ್ಟು ನೋಡಿದಳು. ಭಾವ ಕಣ್ಣು ಮುಚ್ಚಿಕೊಂಡರು. ಆಮೇಲೆ ಅವಳಿಗೆ ನೆನಪಾಯ್ತು, ಆಸ್ಪತ್ರೆಯಲ್ಲಿ ಕೂರಿಸಿದ್ದ ಕಡೆ ಒಂದು ಮೀನಿನ ಟ್ಯಾಂಕು ಇತ್ತು, ಅದನ್ನು ಭಾವ ಬಿಡದೆ ನೋಡ್ತಿದ್ದರು ಅಂತ. ತಕ್ಷಣ ನನಗೆ ಫೋನು. ನಿನ್ನತ್ರ ಗಾಜು ಐತೆ, ಅಂಟು ಐತೆ, ಒಂದು ಟ್ಯಾಂಕು ಮಾಡ್ಕೊಂಡು ಬಾ ಕಣ್ಲಾ ಅಂದಳು. ಆಗುತ್ತಾ ಅಂತ ಕೇಳೋದು ಅವಳ ಜಾಯಮಾನದಲ್ಲೇ ಇಲ್ಲ.

ಮಾಡಿದೆ. ಅಂಗಡಿಯ ದಪ್ಪ ಗಾಜು ಕೊಯ್ದು, ವಿನಿಗರ್ ಥರ ವಾಸನೆ ಹೊಡೆಯೋ ಸಾದಾ ಸಿಲಿಕಾನ್ ಹಾಕಿ, ವಾಸನೆ ಪೂರ್ತಿ ಹೋಗೋ ತನಕ ಒಣಗಿಸಿದೆ. ಹಿಂದೂಪುರದ ಮೀನಿನ ಅಂಗಡಿಯವನನ್ನು ಕೇಳಿ ಕೇಳಿ ತಲೆ ತಿಂದೆ. ಒಂದು ಕೆಂಪು, ಒಂದು ಕಪ್ಪು ಮಚ್ಚೆಯದು, ಎರಡು ಗೋಲ್ಡ್‌ಫಿಶ್ ತಗೊಂಡೆ. ಗಾಜಿನ ಪಾಚಿ ತಿನ್ನೋಕೆ ಎರಡು ಬಸವನಹುಳ. ಕಲ್ಯಾಣದುರ್ಗದ ಕಡೆ ಬೋರಿನ ನೀರು ಗಡಸು, ಫಿಲ್ಟರ್ ಪ್ಲಾಂಟಿನ ಕ್ಯಾನ್ ನೀರನ್ನೇ ಜಾಸ್ತಿ ಬೆರೆಸಿ ಅಂದ. ಟ್ಯಾಂಕನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಮೀನಿನ ಕವರು ಕೈಯಲ್ಲಿ ಹಿಡಿದು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋದೆ. ಕಂಡಕ್ಟರು ಮೀನಿಗೂ ಟಿಕೆಟ್ ತಗೋ ಅಂತ ನಕ್ಕ.

ಒಳಗೆ ಹಾಕಿದ್ದೆಲ್ಲ ನಮ್ಮದೇ ಸಾಮಾನು. ಅಕ್ಕನ ಹೊಲದ ಬೆಣಚುಕಲ್ಲು, ಕುದಿಸಿದ್ದು. ಮೀನು ಅಡಗಿ ಕೂರೋಕೆ ನನ್ನ ಅಂಗಡಿಯ ಪಿವಿಸಿ ಬೆಂಡು, ಅಂದರೆ ಪೈಪಿನ ಬಾಗಿದ ತುಂಡು. ಟ್ಯಾಂಕಿನ ನೀರು ಸೋಸೋ ಫಿಲ್ಟರಿನೊಳಗೆ ಪಾತ್ರೆ ಉಜ್ಜೋ ನೈಲಾನ್ ನಾರು, ಸೋಪು ಮುಟ್ಟದ್ದು. ಮೂಲೆಗೆ ಒಂದು ಮಣ್ಣಿನ ಕುಡಿಕೆ, ಅದು ಅಕ್ಕನ ಮನೇದು, ಅಡ್ಡ ಮಲಗಿಸಿ ಅರ್ಧ ಕಲ್ಲಲ್ಲಿ ಹೂತೆವು. ಮಂಚದ ಬಲಗಡೆ ಸ್ಟೂಲಿನ ಮೇಲೆ ಟ್ಯಾಂಕು ಕೂತಿತು. ಮೀನಿನ ಸಾರು ಮಾಡೋ ಕೈಯಲ್ಲಿ ಮೀನಿಗೆ ಉಣಿಸೋ ಹಂಗಾಯ್ತಲ್ಲ ನನ್ನ ಬಾಳು ಅಂತ ಅಕ್ಕ ಗೊಣಗಿದಳು.

ಮೀನು ಬಿಟ್ಟೆವು. ಕೆಂಪು ಮೀನು ಗಾಜಿನ ಹತ್ತಿರ ಬಂದು ಬಾಯಿ ಆಡಿಸಿತು. ಭಾವನ ಎಡಗೈ ತೋರುಬೆರಳು ಹೊದಿಕೆ ಮೇಲೆ ಮೆಲ್ಲಗೆ ಎದ್ದಿತು. ಮೀನು ಹೋದ ಕಡೆ ಬೆರಳು ಹೋಯ್ತು. ಆಮೇಲೆ ಮುಖದ ಎಡಭಾಗ ನಕ್ಕಿತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ನನಗಾದ ಸಂತೋಷ ಹೇಳೋಕಾಗಲ್ಲ. ನನ್ನ ಅಂಗಡಿಯ ಸಾಮಾನು ಜನ್ಮದಲ್ಲಿ ಮೊದಲ ಸಲ ಒಂದು ಒಳ್ಳೆ ಕೆಲಸಕ್ಕೆ ಬಂತು ಅನ್ನಿಸಿತು.

ಮಳೆಗಾಲ ಪೂರ್ತಿ ಹಂಗೇ ನಡೀತು. ಬೆಳಗ್ಗೆ ಅಕ್ಕ ಭಾವನನ್ನು ಟ್ಯಾಂಕಿನ ಕಡೆ ಒರಗಿಸಿ ಕೂರಿಸೋದು, ಅವರು ಬೆರಳಲ್ಲೇ ಮೀನು ಮೇಯಿಸೋದು. ಕತ್ತು ಸ್ವಲ್ಪ ಸ್ವಲ್ಪ ಬಲಕ್ಕೆ ತಿರುಗೋಕೆ ಶುರುವಾಗಿತ್ತು. ಫೋನಿನಲ್ಲಿ ಅಕ್ಕ ಈಗ ನನ್ನನ್ನು ಬೈಯೋದು ಕಡಿಮೆ ಮಾಡಿದ್ದಳು.

ದಸರಾ ಆದಮೇಲೆ ಒಂದು ದಿನ ಫೋನು ಬಂತು. ನಿಮ್ಮ ಭಾವ ಗೋಡೆ ಕಡೆ ತಿರುಗಿಕೊಂಡವ್ರೆ ಕಣಪ್ಪ, ಈ ಕಡೆ ಎಷ್ಟು ತಿರುಗಿಸಿದರೂ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಕೊಂಡು ಆ ಕಡೆಗೇ ಹೋಯ್ತಾರೆ ಅಂದಳು. ಆಮೇಲೆ, ಬಸವನಹುಳ ಎರಡೂ ಸತ್ತೋದವು, ಮೀನು ತಳಕ್ಕೆ ಕೂತು ಏದುಸಿರು ಬಿಡ್ತಾವೆ ಅಂದಳು. ಕಿವಿಗೆ ಬಿದ್ದದ್ದು ಈ ಕ್ರಮದಲ್ಲೇ. ನನ್ನ ತಲೆಯಲ್ಲಿ ಕೂತದ್ದು ಮಾತ್ರ ತಿರುಗಾಮುರುಗಾ. ಮೀನು ಮಂಕಾಗಿವೆ, ಅದನ್ನು ನೋಡಲಾರದೆ ಭಾವ ಗೋಡೆಗೆ ತಿರುಗಿದ್ದಾರೆ, ಮೀನು ಸರಿಹೋದರೆ ಭಾವನೂ ಸರಿಹೋಗ್ತಾರೆ. ಅಕ್ಕನೂ ಹಂಗೇ ಅಂದುಕೊಂಡಿದ್ದಳು. ಬಂದು ಅದೇನು ನೋಡು, ನಿನ್ನ ಅಂಗಡಿ ಸಾಮಾನೇ ಏನೋ ವಿಷ ಬಿಡ್ತಾ ಐತೆ ಅಂದಳು.

ನನಗೆ ಮೈಯೆಲ್ಲ ಉರೀತು. ಹೋದವನೇ ಒಂದೊಂದಾಗಿ ಪರೀಕ್ಷೆ ಮಾಡಿದೆ. ಕಲ್ಲು ತೆಗೆದು ನಿಂಬೆಹುಳಿ ಹಿಂಡಿದೆ, ನೊರೆ ಇಲ್ಲ. ಪಿವಿಸಿ ಬೆಂಡು ಮೂಸಿದೆ, ವಾಸನೆ ಇಲ್ಲ. ಸಿಲಿಕಾನ್ ಅಂಚಿಗೆ ಉಗುರು ಹಾಕಿ ನೋಡಿದೆ, ಗಟ್ಟಿಯಾಗಿತ್ತು. ನಾರನ್ನು ಹಿಂಡಿದೆ. ಸೊಳ್ಳೆಗೆ ಏನಾದರೂ ಹೊಡೆದಿರಾ, ಸೋಪಿನ ಕೈ ಅದ್ದಿದ್ದೀಯಾ ಅಂತ ಪೊಲೀಸಿನವರ ಥರ ಕೇಳಿದೆ. ಎಲ್ಲಕ್ಕೂ ಇಲ್ಲ ಅಂದಳು. ನೀನೇನಾದರೂ ಒಳಗೆ ಹಾಕಿದ್ದೀಯಾ ಅಂತ ಕೇಳಿದಾಗ, ನಾನ್ಯಾಕೆ ಹಾಕಲಿ ಅಂತ ಸರಕ್ಕನೆ ಎದ್ದು ಹಾಲು ಉಕ್ಕುತ್ತೆ ಅಂತ ಒಳಗೆ ಹೋದಳು. ಒಲೆ ಮೇಲೆ ಹಾಲಿರಲಿಲ್ಲ. ನಾನು ಗಮನಿಸಲಿಲ್ಲ ಅಂತಲ್ಲ, ನನ್ನ ಸಾಮಾನಿನ ಮಾನ ಉಳಿಸೋ ಭರದಲ್ಲಿದ್ದೆ. ಕುಡಿಕೆ ಒಂದನ್ನು ಮುಟ್ಟಲಿಲ್ಲ. ಅದು ನನ್ನ ಅಂಗಡಿದಲ್ಲವಲ್ಲ.

ಅರ್ಧ ನೀರು ಬದಲಿಸಿದೆ. ಸಂಜೆ ಹೊತ್ತಿಗೆ ಮೀನು ಸ್ವಲ್ಪ ಮೇಲೆದ್ದವು. ನೋಡಿದ್ಯಾ, ನಂದೇನೂ ತಪ್ಪಿಲ್ಲ ಅಂತ ಅಂದುಬಿಟ್ಟು ಬಸ್ಸು ಹತ್ತಿದೆ. ಭಾವನಿಗೆ ಬತ್ತೀನಿ ಅಂತ ಹೇಳಿದೆ. ಅವರ ಬೆನ್ನಿಗೆ ಹೇಳಿದೆ ಅನ್ನಬೇಕು.

ಒಂದು ವಾರ ಕಳೆದಿತ್ತೋ ಏನೋ, ಮತ್ತೆ ಫೋನು. ಅಳೋ ಹೆಂಗಸಲ್ಲ ನಮ್ಮಕ್ಕ. ಅವತ್ತು ಅತ್ತಳು.

"ಮಚ್ಚೆ ಮೀನು ಹೋಯ್ತು ಕಣಪ್ಪ. ಕೆಂಪುದೂ ಹೋದ್ರೆ ಅವರೂ ಹೋಯ್ತಾರೆ. ಗಂಜಿ ಕೂಡ ಗೋಡೆ ನೋಡ್ಕಂಡೇ ಕುಡೀತಾವ್ರೆ. ನನ್ನ ಮುಖ ನೋಡಿ ಎಷ್ಟು ದಿನ ಆಯ್ತು."

ಅಂಗಡಿ ಬಾಗಿಲು ಎಳೆದು ಹೊರಟೆ. ದಾರಿಯುದ್ದಕ್ಕೂ ಆ ಮಾತೇ ಕೊರೀತಿತ್ತು. ಇಷ್ಟೆಲ್ಲ ಗಾಜು, ಕಲ್ಲು, ಪೈಪು ಹೊತ್ತದ್ದು ಒಬ್ಬ ಮನುಷ್ಯ ಈ ಕಡೆ ತಿರುಗಲಿ ಅಂತ. ಈಗ ನೋಡಿದರೆ ಅದರಿಂದಲೇ ಅವರು ಆ ಕಡೆ ತಿರುಗೋ ಹಂಗಾಗಿತ್ತು. ನನಗೆ ಭಯ ಆಗಿತ್ತು, ಮೀನಿಗಲ್ಲ.

ಮನೆಗೆ ಹೋದವನೇ ಕೆಂಪು ಮೀನನ್ನು ಹೊಸ ನೀರಿನ ಬಕೆಟ್ಟಿಗೆ ಬಿಟ್ಟೆ. ಟ್ಯಾಂಕಿನ ನೀರೆಲ್ಲ ಮಗೆಯಲ್ಲಿ ತೋಡಿ ಚೆಲ್ಲಿದೆ. ಕಲ್ಲು ತೆಗೆದೆ, ಬೆಂಡು ತೆಗೆದೆ, ಕೊನೆಗೆ ಕುಡಿಕೆ. ಅಕ್ಕ ಬಾಗಿಲ ಹತ್ತಿರ ನಿಂತವಳು, ಅದನ್ನ ಬುಡು, ಅದು ಮಣ್ಣಿಂದು ಅಂದಳು. ಅವಳ ದನಿಯಲ್ಲಿ ಏನೋ ಇತ್ತು. ಕುಡಿಕೆಯೊಳಗೆ ಕೈ ಹಾಕಿದೆ. ಬೆರಳಿಗೆ ಬಟ್ಟೆ ಸಿಕ್ಕಿತು.

ಅರಿಶಿನದ ಬಟ್ಟೆಯ ಗಂಟು. ಅರಿಶಿನ ಎಲ್ಲೋ ಅಂಚಿನಲ್ಲಿ ಮಾತ್ರ ಉಳಿದಿತ್ತು, ಮಿಕ್ಕಿದ್ದೆಲ್ಲ ಹಸಿರುಗಟ್ಟಿತ್ತು. ಹಿಸುಕಿ ನೋಡಿದರೆ ಕಾಸು. ನಮ್ಮ ಕಡೆ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಷ್ಟ ಬಂದಾಗ ದೇವರಿಗೆ ಹರಸಿಕೊಂಡು ಕಾಸು ಕಟ್ಟಿಡೋ ಮುಡಿಪು. ನಮ್ಮಜ್ಜಿ ಕಾಲದ ತಾಮ್ರದ ತೂತು ಕಾಸು ಒಂದು ಹಿಡಿ ಅಕ್ಕನ ಪೆಟ್ಟಿಗೆಯಲ್ಲಿದ್ದವು, ನನಗೆ ಗೊತ್ತಿತ್ತು. ಹಿಂದೊಂದು ಸಲ ನಾನೇ ಹಿಂದೂಪುರದಿಂದ ತಂದುಕೊಟ್ಟ ಹುಣಸೆಹಣ್ಣಿನಲ್ಲಿ ಅವನ್ನು ಫಳಫಳ ಉಜ್ಜಿ ಕಟ್ಟಿದ್ದಳು. ದೇವರ ಗೂಡು ಬಿಟ್ಟು ಇಲ್ಲಿಗೆ ಯಾಕೆ ಹಾಕಿದೆ ಅಂದೆ. ದೇವರೇ ಒಂದು ಸಲ ಮೀನಾಗಿ ಬಂದಿದ್ದನಲ್ಲ, ಅವರೂ ಹಗಲೆಲ್ಲ ಮೀನನ್ನೇ ನೋಡ್ತಿದ್ದರು, ದೇವರ ಗೂಡಿಗಿಂತ ಇದೇ ಹತ್ತಿರ ಅನ್ನಿಸಿತು ಅಂದಳು.

ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು. ಕೇಳಿದೆ.

"ಕಲಾಯಿ ಹೋದ ತಾಮ್ರದ ಪಾತ್ರೇಲಿ ಹುಳಿಸಾರು ಇಡ್ತೀಯೇನಕ್ಕ?"

"ನನಗೇನು ಬುದ್ಧಿ ಇಲ್ವಾ? ಕಿಲುಬು ಬಿಡಲ್ವಾ?"

"ಮತ್ತೆ ಇದೇನು?"

"ಅದು ಪಾತ್ರೆ ಕಣಪ್ಪ. ಇದು ದೇವರದ್ದು."

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ಕಿಲುಬಿಗೆ ದೇವರದ್ದು, ದೆವ್ವದ್ದು ಅಂತ ಗೊತ್ತಾಗಲ್ಲ ಅಂದೆ. ತೋಟಕ್ಕೆ ಹೊಡೆಯೋ ಮೈಲುತುತ್ತ ಇಲ್ಲವಾ, ಅದೂ ತಾಮ್ರದ್ದೇ, ಅದು ನೀರಿಗೆ ಬಿದ್ದರೆ ಮೊದಲು ಬಸವನಹುಳ ಸಾಯ್ತಾವೆ, ಆಮೇಲೆ ಮೀನು, ಇಲ್ಲೂ ಅದೇ ವರಸೆಯಲ್ಲಿ ಆಗಿದೆ ನೋಡು ಅಂದೆ. ಗಡಸು ನೀರಾಗಿದ್ದರೆ ಇನ್ನೂ ಸ್ವಲ್ಪ ತಡೀತಿದ್ದವೇನೋ, ಕ್ಯಾನ್ ನೀರಿನಲ್ಲಿ ತಾಮ್ರದ ಏಟು ಜಾಸ್ತಿ ಅಂತ ಮೀನಿನ ಅಂಗಡಿಯವನು ಆಮೇಲೆ ಹೇಳಿದ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ತಾನು ಮನೆಯವರಿಗೋಸ್ಕರ ಕಟ್ಟಿದ್ದೇ ಮೀನನ್ನು ಕೊಂದಿತು ಅನ್ನೋದು ಅವಳ ಮುಖದಲ್ಲಿ ಇಳಿಯೋಕೆ ಸ್ವಲ್ಪ ಹೊತ್ತು ಹಿಡೀತು.

ಬಿಚ್ಚಿಬಿಡು ಅಂತ ಗಂಟು ಅವಳ ಕಡೆ ಚಾಚಿದೆ. ಹಿಂದಕ್ಕೆ ಸರಿದಳು. ಹರಕೆ ತೀರೋ ತನಕ ಮುಡಿಪು ಬಿಚ್ಚಬಾರದು, ಬಿಚ್ಚಿದರೆ ಕೇಳಿಕೊಂಡಿದ್ದು ತಿರುಗಿ ಹೊಡೆಯುತ್ತೆ ಅಂದಳು. ಮಾತು ಬರಲಿ ಅಂತ ತಾನೇ ಕಟ್ಟಿದ್ದು, ಇನ್ನೊಂದು ಕಟ್ಟಿದರಾಯ್ತು, ದೇವರ ಗೂಡಿನಲ್ಲಿಡು ಅಂದೆ. ಅವಳು ತಲೆ ಅಲ್ಲಾಡಿಸಿದಳು. ಮಂಚದ ಕಡೆ ಒಂದು ಸಲ ನೋಡಿದಳು. ಭಾವನ ಬೆನ್ನು ನಮ್ಮ ಕಡೆಗಿತ್ತು, ನಿದ್ದೆ ಅಂತ ನಾನಂದುಕೊಂಡಿದ್ದೆ.

"ಮಾತಿಗಲ್ಲ ಕಣಪ್ಪ," ಅಂದಳು. "ದಸರಾ ಹೊತ್ತಲ್ಲಿ ಬೆನ್ನೆಲ್ಲ ಹುಣ್ಣಾಗಿ, ಒರೆಸಕ್ಕೆ ಹೋದ್ರೆ ಮುಟ್ಟಿಸಿಕೊಳ್ಳದೆ ಒದ್ದಾಡಿದ್ರು ನೋಡು, ಅವತ್ತು ಕಟ್ಟಿದ್ದು. ಎಬ್ಬಿಸಿ ಕೂರಿಸು, ಇಲ್ಲಾಂದ್ರೆ ಕರ್ಕೊಂಡ್ಬುಡು ಅಂತ."

ಹರಕೆಯನ್ನು ಮನಸ್ಸಲ್ಲಿ ಅಂದುಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು ಅಂತ ನಮ್ಮಮ್ಮ ಕಲಿಸಿದ್ದಳು. ಕೇಳಿದರೆ, ಶನಿವಾರ ಶನಿವಾರ ದೀಪ ಹಚ್ಚಿ, ಟ್ಯಾಂಕಿನ ಹತ್ತಿರ ನಿಂತು, ಬಾಯಿಬಿಟ್ಟೇ ಹೇಳ್ತಿದ್ದೆ ಅಂದಳು. ಟ್ಯಾಂಕಿಗೂ ಭಾವನ ತಲೆದಿಂಬಿಗೂ ಒಂದು ಮೊಳ. ಮಾತಾಡದವರಿಗೆ ಕಿವಿ ಇರುತ್ತೆ ಅನ್ನೋದೇ ಮರೆತುಹೋಗುತ್ತಲ್ಲ ನಮಗೆ. ಭಾವ ಗೋಡೆಗೆ ತಿರುಗಿದ್ದು ಯಾವಾಗಿನಿಂದ ಅಂತ ಕೇಳಿದೆ. ಅಕ್ಕ ಯೋಚನೆ ಮಾಡಿದಳು. ಮೊದಲ ಸಲ ದೀಪ ಹಚ್ಚಿ ಹೇಳಿಕೊಂಡ ಮಾರನೇ ದಿನದಿಂದ ಅಂದಳು. ಆಗ ಬಸವನಹುಳ ಚೆನ್ನಾಗೇ ಇದ್ದವು.

ಹೇಳ್ತಾ ಹೇಳ್ತಾನೇ ಅವಳಿಗೆ ಹೊಳೀತು. ಕೈ ಬಾಯಿಗೆ ಹೋಯ್ತು. ಮಂಚದ ಹತ್ತಿರ ಹೋಗಿ ಆ ಬೆನ್ನಿಗೆ ಹೇಳಿದಳು.

"ಕೇಳಿಸ್ಕಂಡ್ರಾ ನೀವು? ಪೂರ್ತಿ ಕೇಳಿಸ್ಕಂಡ್ರಾ? ಇಬ್ಬರನ್ನೂ ಅಂದೆ ನಾನು. ಒಬ್ಬರನ್ನ ಬುಟ್ಟು ಒಬ್ಬರು ಬೇಡ, ಇಬ್ಬರನ್ನೂ ಒಂದೇ ಸಲ ಕರ್ಕೋ ಅಂದೆ."

ಮಂಚ ಕಿರುಗುಟ್ಟಿತು. ಭಾವನ ಎಡಗೈ ಗೋಡೆಗೆ ಹೋಯ್ತು. ಪಟ್ಟಿ ಹಿಡಿದು ಎಳೆದುಕೊಂಡು ಆ ಕಡೆ ಹೋಗೋದು ಅವರಿಗೆ ಸಲೀಸು. ಈ ಕಡೆ ಬರಬೇಕಾದರೆ ಬಿದ್ದುಹೋದ ಬಲಭುಜದ ಮೇಲೆ ಇಡೀ ಮೈ ಹೊರಳಬೇಕು. ಒಬ್ಬರೇ ಹಂಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಗೋಡೆ ಒತ್ತಿದರು, ಆಗಲಿಲ್ಲ, ಮತ್ತೆ ಒತ್ತಿದರು. ಹಿಡಿಯೋಕೆ ಹೋದ ಅಕ್ಕನನ್ನು ನಾನು ಸೆರಗು ಹಿಡಿದು ನಿಲ್ಲಿಸಿದೆ. ಅರ್ಧ ಹೊರಳಿ, ಉಸಿರು ಬಿಟ್ಟು, ಪೂರ್ತಿ ಹೊರಳಿದರು. ಕಣ್ಣು ಕೆಂಪಗಿತ್ತು, ನಿದ್ದೆಯ ಕಣ್ಣಲ್ಲ. ಎಡಗೈಯನ್ನು ನನ್ನ ಕಡೆ ಚಾಚಿ ಬೆರಳು ಮಡಚಿ ಬಿಚ್ಚಿದರು. ಕೊಡು ಅಂತ.

ಮುಡಿಪನ್ನು ಆ ಕೈಗೆ ಇಟ್ಟೆ. ಅಕ್ಕ ಬೇಡ ಅನ್ನಲಿಲ್ಲ. ನೀರಲ್ಲಿ ಬಿಗಿದ ಗಂಟು, ಎರಡು ಕೈ ಇದ್ದವರಿಗೂ ಸುಲಭ ಇರಲಿಲ್ಲ. ಭಾವ ಒಂದು ತುದಿಯನ್ನು ಬಾಯಿಯ ಎಡಗಡೆ ಹಲ್ಲಿಗೆ ಕಚ್ಚಿದರು, ಶೆಡ್ಡಿನಲ್ಲಿ ತಂತಿ ಕಚ್ಚಿ ಹಿಡೀತಿದ್ದ ಹಂಗೇ. ಹೆಬ್ಬೆರಳು ಗಂಟಿನೊಳಗೆ ತೂರಿಸಿ ಮೀಟಿದರು. ಹಸಿರು ನೀರು ಗಲ್ಲದ ಮೇಲೆ ಇಳೀತು. ಅದನ್ನು ಒರೆಸೋಕೂ ನಮ್ಮಿಬ್ಬರಿಗೂ ಧೈರ್ಯ ಬರಲಿಲ್ಲ. ಮೀಟಿ ಮೀಟಿ ಕೊನೆಗೆ ಗಂಟು ಸಡಿಲಾಯ್ತು. ಬಟ್ಟೆಯನ್ನು ಒಂದು ಸಲ ಕೊಡವಿದರು.

ಕಾಸುಗಳು ಹೊದಿಕೆಯಿಂದ ಜಾರಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿದವು. ಆರಿಸಿಕೊಳ್ಳೋ ನೆಪ ಸಿಕ್ಕಿತು ಅಂತ ನಾನು ಬಗ್ಗಿ ಮಂಚದ ಕೆಳಗೆ ತೂರಿದೆ. ಬೇಕಂತಲೇ ತಡ ಮಾಡಿದೆ. ಮೇಲೆ ಅಕ್ಕ ಮೂಗು ಏರಿಸಿದ್ದು ಕೇಳಿಸಿತು. ಎದ್ದು ಬಂದಾಗ ಅವಳು ಮಂಚದ ಅಂಚಿಗೆ ಕೂತಿದ್ದಳು. ಬಕೆಟ್ಟು ಪಕ್ಕದಲ್ಲೇ ಇತ್ತು, ಕೆಂಪು ಮೀನು ತಳ ಬಿಟ್ಟು ಮೇಲೆ ಬಂದು ಸುತ್ತು ಹಾಕ್ತಿತ್ತು. ನೋಡಿ ಭಾವ, ಬದುಕಿತು ಅಂತ ತೋರಿಸಿದೆ. ಭಾವ ಆ ಕಡೆ ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡ್ತಿದ್ದರು.